ಲಗೇಜು ಟಿಕೆಟ್ಟು

ಮಾರ್ಕೆಟ್ಟಿನಿಂದ ಸುಂಕದಕಟ್ಟೆಗೆ ಐದು ಗಂಟೆಯ ಮೊದಲ ಬಸ್ಸು.
ಜನ ಹತ್ತುವ ಮುಂಚೆ ವಾಸನೆ ಹತ್ತುತ್ತದೆ:
ಒದ್ದೆ ಗೋಣಿ, ಸಬ್ಬಸಿಗೆ, ಬೇರಿಗಂಟಿದ ಮಣ್ಣು.
ಅದರ ಹಿಂದೆ ಪಿಳ್ಳಮ್ಮ.
ಅವಳಿಗೆ ಸೊನ್ನೆ ರೂಪಾಯಿ ಟಿಕೆಟ್ಟು,
ಅವಳ ಗಂಟಿಗೆ ಮಾತ್ರ ದುಡ್ಡು.
"ಹೆಂಗಸ್ರಿಗೆ ಬಿಟ್ಟಿ ಅಂತೀಯ, ಸೊಪ್ಪೇನು ಗಂಡಸಾ?"
ದಿನಾ ಇದೇ ಜಗಳ.
ದಿನಾ ನನ್ನದೊಂದೇ ಮಾತು: ನಿಯಮ.

ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ
ಡಿಪೋದ ಟೀ, ಒಂದು ಬನ್ನು.
ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಎಲ್ಲಿಗೆ ಹೋಗಲಿ?
ಎರಡನೇ ಟ್ರಿಪ್ಪಿಗೆ ಮತ್ತೆ ಟೀ,
ಊಟದ ಡಬ್ಬಿಯ ಬಿಳಿ ಅನ್ನದ ಬೆನ್ನಿಗೇ ಇನ್ನೊಂದು.
ಬಾಚಣಿಗೆ ತುಂಬ ಕೂದಲು.
ಮನೆಯಲ್ಲಿ ಯಾರೂ ನೋಡದಾಗ
ಡಬ್ಬದೊಳಗೆ ಕೈ ಹಾಕಿ ಹಸಿ ಅಕ್ಕಿ ಜಗಿಯುತ್ತಿದ್ದೆ,
ಯಾಕೆಂದು ನನಗೇ ತಿಳಿಯದೆ.

ಬಿನ್ನಿಮಿಲ್ಲಿನ ತಿರುವಿನಲ್ಲಿ ಒಂದು ಬೆಳಿಗ್ಗೆ
ಬಸ್ಸಿನ ದೀಪಗಳೆಲ್ಲ ನನ್ನೊಬ್ಬಳಿಗೇ ಆರಿದವು.
ಕಣ್ಣು ಬಿಟ್ಟಾಗ ತಲೆ ಸೊಪ್ಪಿನ ಗಂಟಿನ ಮೇಲೆ, ತಂಪಗೆ.
ರಹಮತ್ತಣ್ಣ ಬಸ್ಸು ಪಕ್ಕಕ್ಕೆ ಹಾಕಿದ್ದ.
ಪಿಳ್ಳಮ್ಮ ಮಣ್ಣಿನ ಹೆಬ್ಬೆರಳಲ್ಲಿ
ನನ್ನ ಕೆಳರೆಪ್ಪೆ ಎಳೆದು ನೋಡಿ
ಇಡೀ ಬಸ್ಸಿಗೆ ಕೇಳುವಂತೆ ಅಂದಳು,
"ಇವಳಿಗೆ ಒಳಗೆಲ್ಲ ಸುಣ್ಣ ಬಳ್ದಂಗದೆ!"

ಆಸ್ಪತ್ರೆಯ ಚೀಟಿಯಲ್ಲಿ ಏಳು ಪಾಯಿಂಟ್ ಒಂಬತ್ತು.
ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು.
ಊಟದ ಮೇಲೆ ಕೂಡಲೇ ಟೀ ಬೇಡ,
ತಿಂದದ್ದನ್ನು ಅದು ಮೈಗೆ ಹತ್ತಗೊಡುವುದಿಲ್ಲ ಎಂದರು.
ಸೊಪ್ಪಿನ ಮೇಲೆ ಒಂದಿಷ್ಟು ನಿಂಬೆ ಹಿಂಡಿ.
ಆಮೇಲೆ ಪೆನ್ನು ಕೆಳಗಿಟ್ಟು,
"ಸೊಪ್ಪು ತಿಂತೀರಿ ತಾನೆ?"
ನಾನು ಗೋಡೆ ನೋಡಿದೆ.
ಆರು ವರ್ಷ ಸೊಪ್ಪಿಗೆ ಟಿಕೆಟ್ಟು ಕೊಟ್ಟವಳು.

ಮಾರನೇ ವಾರದಿಂದ ಆ ಬಸ್ಸು ಬಸ್ಸಾಗಿ ಉಳಿಯಲಿಲ್ಲ.
ಗಾರ್ಮೆಂಟ್ಸಿನ ಹುಡುಗಿಯರು
ಮಡಿಲಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ
ಹೌಸಿಂಗ್ ಬೋರ್ಡಿನವರೆಗೂ ವಾದ:
ಬಸ್ಸಾರಿಗೆ ಹುರುಳಿಯೋ ಅಲಸಂದೆಯೋ,
ಬಸಿದ ನೀರು ಚೆಲ್ಲುವವಳು ಮನುಷ್ಯಳೋ ಅಲ್ಲವೋ.
ಪಿಳ್ಳಮ್ಮ ತೀರ್ಪು ಕೊಡುತ್ತಿದ್ದಳು, ವೀಳ್ಯ ಜಗಿಯುತ್ತ:
"ಸತ್ವ ಎಲ್ಲ ನೀರಲ್ಲೇ ಅದೆ ಕಣ್ರೇ. ಕಾಸೂ ಹಂಗೇ,
ನೀರು ಚೆಲ್ದಂಗೆ ಚೆಲ್ತೀರ."

ರಾತ್ರಿ ಮುದ್ದೆ ತಿರುವಿದೆ.
ಕೈ ಮರೆತಿತ್ತು, ಮೊದಲ ದಿನ ಗಂಟಾಯಿತು,
ಮಗ ನುಂಗಲಾರದೆ ನಕ್ಕ.
ಆದರೂ ಬಸ್ಸಾರಿನಲ್ಲಿ ಅದ್ದಿದ ಆ ಬಿಸಿ ತುತ್ತು
ಗಂಟಲಲ್ಲಿ ಇಳಿಯುವುದು
ಕೊನೆಯ ಸ್ಟಾಪಿನವರೆಗೂ ಗೊತ್ತಾಗುತ್ತಿತ್ತು.

ಪವಾಡವೇನಿಲ್ಲ. ಮಾತ್ರೆಯೂ ನುಂಗಿದೆ,
ಹೊಟ್ಟೆ ಕೆಟ್ಟಿತು, ಎರಡು ದಿನ ಬಿಟ್ಟೆ, ಮತ್ತೆ ನುಂಗಿದೆ.
ನಾಲ್ಕು ತಿಂಗಳಿಗೆ ಹತ್ತು ಪಾಯಿಂಟ್ ಆರು.
ಇನ್ನೂ ಸಾಲದು ಎಂದರು ಡಾಕ್ಟರು.
ಹಸಿ ಅಕ್ಕಿ ಮಾತ್ರ ಈಗ ಬರಿಯ ಅಕ್ಕಿ.

ಆ ದಿನ ಪಿಳ್ಳಮ್ಮನ ಗಂಟಿಗೆ ಟಿಕೆಟ್ಟು ಕೊಡದೆ
ಮುಂದೆ ಹೋದೆ.
ಕೂಗಿ ಕರೆದಳು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿದಳು.
ಆಮೇಲೆ ಒಂದು ಕಟ್ಟು ದಂಟು ಎತ್ತಿ,
"ಹದಿನೈದು ರೂಪಾಯಿ. ಬಿಟ್ಟಿ ಇಲ್ಲ,
ನಿಯಮ."
ಕೊಟ್ಟೆ.
ದಂಟಿನ ಕೆಂಪು ಅಂಗೈಗೆ ಹತ್ತಿತು,
ಒರೆಸಿಕೊಳ್ಳದೆ ಸೀಟಿ ಊದಿದೆ.