ಮೈಕಿಲ್ಲದ ಅರ್ಧ ಗಂಟೆ

ಸುಂಟಿಕೊಪ್ಪದಾಚೆ ಬೆಳ್ಯಪ್ಪನವರ ಕಾಫಿ ಕಣ.
ಜನವರಿ. ಅರ್ಧ ಕಣದಲ್ಲಿ ಟಾರ್ಪಾಲು ಹೊದ್ದು
ಮಲಗಿದೆ ಹಗಲೆಲ್ಲ ಒಣಗಿದ ಹಣ್ಣು,
ಉಳಿದರ್ಧದಲ್ಲಿ ಇವತ್ತು ಅಮೆರಿಕದ ಹಾಡು.
ಮದುವೆಗೆ, ಚುನಾವಣೆಗೆ, ಹಾಕಿ ಪಂದ್ಯಕ್ಕೆ
ಇಪ್ಪತ್ತೆರಡು ವರ್ಷ ಮೈಕು ಕಟ್ಟಿದವನು ನಾನು.
ಕಾಫಿಯ ಹುಳಿವಾಸನೆಯಲ್ಲಿ ಕಟ್ಟಿದ್ದು ಇದೇ ಮೊದಲು.

ಬಂದವರು ಇಬ್ಬರು.
ವೆಂಡೆಲ್ ಎಂಬ ಉದ್ದನೆಯವನು, ಗಿಟಾರಿನ ಮೇಲೆ
ಹಳೇ ಮೇಜಿನಂತೆ ಗೀರು.
ರೂತ್ ಎಂಬ ಅರವತ್ತರ ಹೆಂಗಸು, ಕಾಲಿಗೆ ಹವಾಯಿ ಚಪ್ಪಲಿ,
ಕೈಯಲ್ಲಿ ಬಾಣಲೆಗೆ ಹಿಡಿಕೆ ಬೆಸೆದಂಥ ಬ್ಯಾಂಜೊ.
ಹಾಡು ಕಟ್ಟಿದವರೂ ಅವರೇ, ಹಾಡುವವರೂ ಅವರೇ.
‘ಸಿನಿಮಾದ್ದಲ್ವಾ?’ ಅಂದ ನನ್ನ ಹುಡುಗ ಶಮೀರ.
ಅಲ್ಲ ಮಾರಾಯ, ವಯರು ಸರಿ ಹಿಡಿ.

ಮುಂದೆ, ಮನೆಯೊಳಗಿಂದ ಹೊತ್ತು ತಂದ ಸೋಫಾಗಳಲ್ಲಿ
ತೋಟದವರು, ಶಾಲು, ಗ್ಲಾಸು.
ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೈಟರು, ಪೋಸ್ಟ್ ಮೇಷ್ಟ್ರು.
ಎಲ್ಲಕ್ಕೂ ಹಿಂದೆ, ಟಾರ್ಪಾಲಿನ ಅಂಚಿಗೆ,
ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವರು
ಖಾಲಿ ಗೋಣಿ ಮಡಚಿ ಹಾಕಿ ಕೂತಿದ್ದರು.
ಅವರಿಗೂ ಕೇಳಲೆಂದೇ ಒಂದು ಬಾಕ್ಸನ್ನು
ಹಲಸಿನ ಮರಕ್ಕೆ ಬಿಗಿದಿದ್ದೆ.
ಕೇಳುತ್ತಿತ್ತು. ಯಾರೂ ತಲೆದೂಗಲಿಲ್ಲ.
ಮುಂದಿನವರೂ, ನಿಜ ಹೇಳಬೇಕೆಂದರೆ,
ಚಪ್ಪಾಳೆಗೆ ಕೈ ಬೇಕಾದಾಗಷ್ಟೆ ಗ್ಲಾಸು ಇಡುತ್ತಿದ್ದರು.

ಏಳೂವರೆಗೆ ವಾಚರ್ ಚೋಮಣಿ ಬಂದ,
ಬೈಕಿನ ಲೈಟು ಗೇಟಲ್ಲೇ ಆರಿಸಿ.
‘ಕೆಳಗಿನ ತೋಟದಲ್ಲಿ ಏಳಿವೆ. ಒಂದು ಮರಿ.
ಬಾಕ್ಸು ಬಂದ್ ಮಾಡಿ.’
ಆನೆ ಎನ್ನಲಿಲ್ಲ, ಲೆಕ್ಕ ಮಾತ್ರ ಕೊಟ್ಟ.
ನಮ್ಮ ಕಡೆ ಅಷ್ಟು ಸಾಕು.

ಮೇನ್ ಎಳೆದೆ.
ಗುಂಯ್ ಎನ್ನುವುದೊಂದು ಇಷ್ಟು ಹೊತ್ತೂ ಇತ್ತೆಂದು
ಅದು ನಿಂತ ಮೇಲೆ ತಿಳಿಯಿತು.

ಬೆಳ್ಯಪ್ಪನವರು ಕೈ ಹಿಸುಕುತ್ತಾ ಹೋಗಿ
ಏನೋ ಹೇಳಿದರು. ರೂತ್ ತಲೆಯಾಡಿಸಿ
ಸ್ಟ್ಯಾಂಡನ್ನು, ನನ್ನ ಸ್ಟ್ಯಾಂಡನ್ನು, ಮೆಲ್ಲಗೆ ಬದಿಗಿಟ್ಟು
ವೇದಿಕೆಯಿಂದ ಇಳಿದು, ಕಣದ ಸಿಮೆಂಟಿನ ಮೇಲೆ
ನಿಂತು ಶುರುಮಾಡಿದಳು.

ಮೊದಲು ಎದ್ದವನು ಗೋಣಿಯ ಮೇಲಿನ ಜಹಿರುಲ್.
ಕೇಳುತ್ತಿಲ್ಲವಲ್ಲ, ನಡೆದು ಬಂದ, ಅಷ್ಟೆ.
ಸೋಫಾದ ಕೈಯ ಪಕ್ಕ ನಿಂತ.
ಅವನ ಹಿಂದೆ ಹೆಂಗಸರು, ನಿದ್ದೆಗಣ್ಣಿನ ಮಕ್ಕಳು.
ರೈಟರು ಕುರ್ಚಿ ಎತ್ತಿಕೊಂಡೇ ಬಂದರು.
ಯಾರೋ ಸರಿದು ಜಾಗ ಕೊಟ್ಟರು; ಯಾರೋ ಕೊಡಲಿಲ್ಲ, ಆದರೂ ಕೂತರು.

ಯಾವುದೋ ಕಣಿವೆಯ ಹಾಡು.
ಬೆಳ್ಯಪ್ಪನವರು ಪಿಸುದನಿಯಲ್ಲಿ ಒಂದೇ ಸಾಲು ಕನ್ನಡ ಮಾಡಿದರು:
‘ಅಣೆಕಟ್ಟು ಕಟ್ಟಿ ಮುಳುಗಿಸಿದ ಊರಂತೆ.’
ಅಡುಗೆಮನೆಯ ಬಾಗಿಲಲ್ಲಿ ದೇಚಕ್ಕ,
ಕೈತುಂಬ ಅಕ್ಕಿಹಿಟ್ಟು, ಅಂದಳು
ಯಾರಿಗೂ ಅಲ್ಲ, ನನಗೂ ಅಲ್ಲ:
‘ಹಾರಂಗಿ ಇಳಿದರೆ ಏಪ್ರಿಲಿನಲ್ಲಿ
ನಮ್ಮ ತವರಿನ ಒರಳು ಕಾಣ್ತದೆ.’
ಆಮೇಲೆ ಒಳಗೆ ಹೋದಳು. ಕಡುಬು ಬೇಯುತ್ತಿತ್ತು.

ನಾನು ದನಿ ಕೇಳಿದವನಲ್ಲ.
ದನಿ ಒಡೆಯುತ್ತದೋ, ಕೂಗುತ್ತದೋ, ಬಾಸ್ ಹೆಚ್ಚೋ,
ಅದನ್ನು ಕೇಳಿದವನು.
ಇವಳು ಸಾಲು ಮುಗಿಸಿ ಉಸಿರೆಳೆದುಕೊಂಡದ್ದು ಕೇಳಿಸಿತು.
ಬ್ಯಾಂಜೊದ ತೊಗಲಿಗೆ ಉಗುರು ತಾಗಿದ್ದು.
ನಡುವೆ ಒಮ್ಮೆ ಇಳಿಜಾರಿನಾಚೆ
ಬೈನೆಮರ ಮುರಿದ ಲಟಲಟ;
ವೆಂಡೆಲ್ ಬೆರಳು ನಿಂತಿತು, ಅವಳದ್ದು ನಿಲ್ಲಲಿಲ್ಲ.

ಕೊನೆಯ ಸಾಲಿಗೆ ಅವಳು ದನಿ ತೀರ ಇಳಿಸಿದಳು.
ಎಲ್ಲರ ಕತ್ತೂ ಮುಂದಕ್ಕೆ ಬಾಗಿತು.
ಶಮೀರ ನನ್ನ ಮೊಣಕೈ ತಿವಿದ. ನೋಡಿಕೊಂಡೆ:
ಕರೆಂಟಿಲ್ಲದ ಮಿಕ್ಸರಿನ ಮೇಲೆ
ನನ್ನ ಹೆಬ್ಬೆರಳು
ಅವಳ ಗುಂಡಿಯನ್ನು ತುದಿವರೆಗೆ ಏರಿಸಿಟ್ಟಿತ್ತು.