ಡಬಲ್ ವಿಸಿಲ್

ಆ ವಿಸಿಲ್ ಹಿಡಿದದ್ದು ನಾನೇ.
ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ, ಬೆಳಿಗ್ಗೆ ಏಳೂಕಾಲಕ್ಕೆ,
ಮೈಕಿಗೆ ಗಾಳಿ ತಾಗದ ಹಾಗೆ ನನ್ನದೇ ಶಾಲು ಸುತ್ತಿ.
ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಹುಡುಗ
ಹಲ್ಲಿನ ಸಂದಿನಲ್ಲಿ ಕಚ್ಚಿ ಊದಿದ: ಪೀಪ್ ಪೀಪ್.
ಆಮೇಲೆ, ರೈಟ್, ಪೋಯಿ.
ಎಂಥ ಸದ್ದು! ತುದಿಯಲ್ಲಿ ಉಗುಳಿನ ಒಂದು ಹನಿಯ ನಡುಕ.
ಬಿಜೈಯ ನಾಲ್ಕನೇ ಮಾಳಿಗೆಗೆ ತಂದು
ತೊಳೆದೆ, ಒರೆಸಿದೆ, ಹೆಸರಿಟ್ಟೆ.

ಒಂದು ಪೀಪ್ ಅಂದರೆ ನಿಲ್ಲು.
ಎರಡು ಅಂದರೆ ಹೊರಡು.
ಈ ಊರಲ್ಲಿ ಅಕ್ಷರ ಬಾರದವರಿಗೂ ಬರುವ ವ್ಯಾಕರಣ.

ಚಿನ್ನ ಅಡವಿಡುವ ಅಂಗಡಿಯ ಜಾಹೀರಾತಿಗೆ ಹಾಕಿದೆವು.
ಪೀಪ್ ಪೀಪ್! ರೈಟ್ ಪೋಯಿ, ಸೀದಾ ನಮ್ಮಲ್ಲಿಗೆ!
ದಿನಕ್ಕೆ ಹದಿನಾಲ್ಕು ಸಲ.
ಪ್ರಭು ಸರ್ ಅಂದರು, ಲವೀನಾ,
ನಿನ್ನ ಕಿವಿ ಉಂಟಲ್ಲ, ಅದು ಕಿವಿ ಅಲ್ಲ, ಬಲೆ.

ಹನ್ನೊಂದನೇ ದಿನ ತನಿಯಪ್ಪ ಬಂದರು,
ಖಾಕಿ ಅಂಗಿ, ಬೆನ್ನಲ್ಲಿ ಬೆವರಿನ ಭೂಪಟ,
ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ.
ಇಪ್ಪತ್ತಾರು ವರ್ಷ ಕೂತು ದುಡಿದವರು
ಕೂತುಕೊಳ್ಳಿ ಅಂದರೂ ಕೂರದೆ ಹೇಳಿದರು:

"ಕನ್ನಡಿಯಲ್ಲಿ ಎಂತ ಕಾಣುತ್ತದೆ ಮೇಡಂ?
ತಲೆ, ಬ್ಯಾಗು, ಇನ್ನೊಂದು ತಲೆ.
ಹಿಂದಿನ ಬಾಗಿಲು ನನಗೆ ಕಿವಿಯಲ್ಲೇ ಇರುವುದು.
ಹಂಪನಕಟ್ಟೆಯಲ್ಲಿ ಡಬಲ್ ವಿಸಿಲ್ ಕೇಳಿತು, ಕ್ಲಚ್ಚು ಬಿಟ್ಟೆ.
ಊದಿದ್ದು ನಮ್ಮ ಮೋನು ಅಲ್ಲ,
ನನ್ನ ತಲೆಯ ಮೇಲಿನ ಡಬ್ಬ.
ಜಲಜಕ್ಕನ ಒಂದು ಕಾಲು ಮೆಟ್ಟಿಲಲ್ಲಿತ್ತು."

ಇನ್ನೊಂದು ಕಾಲಿನ ಬಗ್ಗೆ
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಆರು ಹೊಲಿಗೆ. ಬುಟ್ಟಿಯ ಬಂಗುಡೆ ಪೂರಾ ಡಾಮರಿನ ಮೇಲೆ.
ನನಗೆ ಒಂದು ಮಾತು ಬೈಯಲಿಲ್ಲ ಅವರು.
ಬೈಗುಳೆಲ್ಲ ಮೋನುವಿಗೆ.
ಅವನು ಜೇಬಿನಿಂದ ವಿಸಿಲ್ ತೆಗೆದು
ಎಲ್ಲರ ಕೈಗೂ ಕೊಟ್ಟು ಕೊಟ್ಟು ತೋರಿಸಿದ,
ಮುಟ್ಟಿ ನೋಡಿ, ಒಣಗಿದೆ, ಮುಟ್ಟಿ ನೋಡಿ."

ರೇಡಿಯೋ ಬಂದ್ ಮಾಡಬಹುದಿತ್ತಲ್ಲ, ಅಂದರು ಪ್ರಭು ಸರ್.

"ಮಾಡಬಹುದಿತ್ತು.
ಊಟದ ಮೇಲಿನ ಟ್ರಿಪ್ಪು ನೀವು ಒಮ್ಮೆ ಬಿಟ್ಟು ನೋಡಿ ಸರ್,
ಕುಳೂರು ಸೇತುವೆಯ ಮೇಲೆ ರೆಪ್ಪೆ ಎಷ್ಟು ಭಾರ ಅಂತ.
ಹಾಡು ಹಾಕಿ ಮಾರಾಯ್ರೆ, ಬೇಕಾದಷ್ಟು ಹಾಕಿ.
ನನ್ನ ಕೆಲಸದ ಸದ್ದು ಮಾತ್ರ
ನನಗೇ ಮಾರಬೇಡಿ."

ಶನಿವಾರ ನಿಯಮ ಬರೆಯಲು ಕೂತೆವು.
ಸೈರನ್, ಬೇಡ. ಅದಕ್ಕೆ ಯಾರೂ ಎದುರಾಡಲಿಲ್ಲ.
ಗಡಿಯಾಚೆಯಿಂದ ಓಡಿ ಬರುವ ಒಂದಲ್ಲ ಒಂದು ಜೀವ
ಪಂಪ್‌ವೆಲ್ಲಿನಲ್ಲಿ ದಾರಿ ಕೇಳುತ್ತಲೇ ಇರುತ್ತದೆ.
ಹಾರ್ನು ಬೇಡ. ಬ್ರೇಕಿನ ಕಿರುಚು ಬೇಡ,
ಟಯರಿನವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.
ಫೋನಿನ ರಿಂಗು? ಅರ್ಧ ಗಂಟೆ ಜಗಳ, ಎರಡು ಚಹಾ.
ಮಗುವಿನ ಅಳು?
ಅಷ್ಟು ಹೊತ್ತು ಸುಮ್ಮನಿದ್ದ ಅಫ್ರೀನಾ ಅಂದಳು,
"ಹಿಂದಿನ ಸೀಟಿನಲ್ಲಿ ನನ್ನದು ಮಲಗಿರುತ್ತದೆ.
ನಾನಂತೂ ತಿರುಗಿ ನೋಡುವವಳೇ."
ಬರೆದುಕೊಂಡೆ: ಬೇಡ.
ಚೆಂಡೆ ಕೇಳಿದರೆ ನನ್ನ ಬಲಗಾಲು ತಾನಾಗಿ ಒತ್ತುತ್ತದೆ,
ಅಂದ ಪ್ರಭು ಸರ್, ಅದು ಮಾತ್ರ ಇರಲಿ, ದೇವರ ಲೆಕ್ಕ, ಅಂದರು.

ಎಲ್ಲರೂ ಹೋದ ಮೇಲೆ
ವಿಸಿಲ್ಲನ್ನು ಅಳಿಸಲು ಹುಡುಕಿದೆ.
ತೊಳೆದ ಫೈಲಿನ ಪಕ್ಕದಲ್ಲೇ
ತೊಳೆಯದ್ದೂ ಇತ್ತು, ಆ ಬೆಳಗಿನದ್ದು ಇಡಿಯಾಗಿ.
ಹೆಡ್‌ಫೋನು ಹಾಕಿದೆ.
ಇಂಜಿನ್ನು. ಕಾಗೆ. ಚಿಲ್ಲರೆ ಕುಲುಕುವ ಚೀಲ.
ಪೀಪ್ ಪೀಪ್, ಮತ್ತು ಅದರ ಅಡಿಯಲ್ಲಿ,
ಗಲಾಟೆ ಎಂದು ನಾನೇ ಕತ್ತರಿಸಿ ಎಸೆದ ಕಡೆ,
ಓಡಿ ಬರುವ ಯಾರದೋ ಹೆಂಗಸಿನ ದನಿ:

ಒಂತೆ ಉಂತುಲೆ.
ಒಂತೆ ಉಂತುಲೆ.