ಕೆಂಪು ತುದಿ

ಎರಡನೇ ಪಾಳಿ ಮುಗಿದು ಪ್ರೆಸ್ಸುಗಳು ಬಾಯಿ ಮುಚ್ಚಿದರೂ
ಭೋಸರಿಯ ಈ ಶೆಡ್ಡಿನಲ್ಲಿ
ಕಿವಿಯೊಳಗೆ ಇನ್ನೂ ಅರ್ಧ ಗಂಟೆ ಧಡ್ ಧಡ್.
ಹನ್ನೊಂದು ಜನರಿಗೆ ಅಂಕ ಹಾಕಿ ಮುಗಿಸಿದ್ದೇನೆ.
ಹನ್ನೆರಡನೆಯ ಫಾರ್ಮು ನನ್ನದು:
ನಿಮಗೆ ನೀವೇ ಐದಕ್ಕೆ ಎಷ್ಟು ಕೊಡುತ್ತೀರಿ,
ಕಾರಣ ಬರೆಯಿರಿ.
ಬರೆಯಲು ಎರಡು ಗೆರೆ ಜಾಗ.

ನಾಲ್ಕು ಅಂತ ಬರೆದೆ.
ಪ್ರತಿ ವರ್ಷವೂ ನಾಲ್ಕೇ.
ಐದು ಬರೆದರೆ ಸೊಕ್ಕು ಅನ್ನುತ್ತಾರೆ,
ಮೂರು ಬರೆದರೆ ನಂಬಿಬಿಡುತ್ತಾರೆ.

ಮೇಜಿನ ಮೇಲೆ ಗೇಜು, ಗೇಣುದ್ದದ ಉಕ್ಕು.
ಹಸಿರು ತುದಿ ತೂತಿನೊಳಗೆ ಹೋಗಬೇಕು
ಕೆಂಪು ತುದಿ ಹೋಗಕೂಡದು.
ಇಷ್ಟೇ ಶಾಸ್ತ್ರ. ಹತ್ತೊಂಬತ್ತು ವರ್ಷದ ಅನ್ನ.
ಅಕ್ಕಲಕೋಟೆಯಿಂದ ಬಂದ ಹೊಸತರಲ್ಲಿ
ನಮ್ಮ ಕಡೆಯವನೇ ಒಬ್ಬ ಮುದಿ ಮಿಸ್ತ್ರಿ ಹೇಳಿದ್ದ:
'ಅಳದಂಗ ಅಳದಂಗ ಇದೂ ಸವೀತದ, ತಮ್ಮಾ.
ಕಣ್ಣಿಗೆ ಕಾಣಂಗಿಲ್ಲ.'
ನಾನು ಉಕ್ಕಿನ ಮಾತು ಅಂದುಕೊಂಡಿದ್ದೆ.

ಶೇವಂತಾ ಲಾಂಡಗೆಯ ಕೆಂಪು ಬುಟ್ಟಿ
ಆ ಶನಿವಾರ ತುಂಬಿ ತುಳುಕುತ್ತಿತ್ತು.
ಮುನ್ನೂರ ನಲವತ್ತು ಪೀಸು ತಿರಸ್ಕಾರ,
ಹೊರಗೆ ಟೆಂಪೋದವನ ಹಾರ್ನು,
ಚಾಕಣದಿಂದ ಮೂರನೇ ಫೋನು.
ಇಡೀ ಲೈನಿನ ಎದುರಿಗೆ ಕೂಗಿದೆ,
'ಕೈಯೋ ಒನಕೆಯೋ? ಹಾಗೆ ಒತ್ತಿದರೆ
ಗೋಡೆಯೊಳಗೂ ಹೋಗುತ್ತದೆ ಗೇಜು.'
ಯಾರೋ ನಕ್ಕರು. ನಗಲಿ ಎಂದೇ ಹೇಳಿದ್ದೆ.
ಅವಳು ಕೈಯೊರೆಸಿಕೊಂಡು ಇಷ್ಟೇ ಅಂದಳು:
'ಸಾಹೇಬ, ಗೇಜ್ ಬಘಾ ನಾ.'

ನೋಡಲಿಲ್ಲ.
ನೋಡಿದ್ದರೆ ಹಿಡಿಯ ಮೇಲಿನ ಚೀಟಿ ಕಾಣುತ್ತಿತ್ತು.
ತಪಾಸಣೆಯ ದಿನ ದಾಟಿ ಏಳು ವಾರ,
'ಸದ್ಯಕ್ಕೆ ನಡೆಯಲಿ' ಎಂಬ ಷರಾ,
ಕೆಳಗೆ ಸಹಿ. ಸಹಿ ನನ್ನದೇ.

ಮರುವಾರ ಅವಳನ್ನು ಪ್ಯಾಕಿಂಗಿಗೆ ಹಾಕಿದೆ.
ಅದರ ಮರುವಾರ ಲ್ಯಾಬಿನ ವರದಿ ಬಂತು:
ಕೆಂಪು ತುದಿ ಸವೆದಿದೆ,
ಸರಿಯಾದ ತೂತಿನೊಳಗೂ ಇಳಿಯುತ್ತದೆ,
ಒಳ್ಳೆಯ ಮಾಲನ್ನೇ ಕೆಟ್ಟದ್ದೆನ್ನುತ್ತದೆ.
ಹೊಸ ಗೇಜು ತರಿಸಿದೆ.
ವರದಿಯನ್ನು ಫೈಲಿಗೆ ಸೇರಿಸಿದೆ, ನೀಟಾಗಿ,
ತಾರೀಖಿನ ಪ್ರಕಾರ.
ಶೇವಂತಾಳ ಫಾರ್ಮಿನಲ್ಲಿ ಎರಡು ಅಂಕ,
'ಕೈ ಹದವಿಲ್ಲ' ಎಂಬ ಕಾರಣ
ಆಗಲೇ ಹೆಡ್ ಆಫೀಸು ಸೇರಿಯಾಗಿತ್ತು.

ಈಗ ಹಳೆಯ ಗೇಜನ್ನು ಬೆರಳಲ್ಲಿ ಹೊರಳಿಸುತ್ತೇನೆ.
ಎಲ್ಲೂ ಗೀರಿಲ್ಲ, ಮಿರಮಿರ ಮಿಂಚುತ್ತದೆ,
ಹೊಸದಕ್ಕಿಂತ ಇದರ ಹೊಳಪೇ ಹೆಚ್ಚು.
ಎಷ್ಟು ಜನರೊಳಗೆ ಹೀಗೆ ಸಲೀಸಾಗಿ ಇಳಿದು
ಸಡಿಲ, ಸಡಿಲ ಎಂದು ಹೊರಗೆಸೆದೆನೋ.
ಹೋದ ವರ್ಷ ಬಿಟ್ಟುಹೋದ ಆ ಹುಡುಗ,
ಪ್ರಶ್ನೆ ಜಾಸ್ತಿ ಕೇಳುತ್ತಿದ್ದ, ಹೆಸರು...
ಹೆಸರು ನೆನಪಾಗಲಿಲ್ಲ.
ಗಡಿಯಾರದಲ್ಲಿ ಹನ್ನೆರಡೂವರೆ.
ನಾಲ್ಕನ್ನು ಹೊಡೆದುಹಾಕಿದೆ.
ಬದಲಿಗೆ ಏನು ಬರೆಯಬೇಕೋ ತಿಳಿಯದೆ
ಪೆನ್ನಿನ ಮುಚ್ಚಳ ಹಾಕಿದೆ.

ಮರುದಿನ ಗುರುವಾರ, ಕರೆಂಟಿಲ್ಲ, ರಜೆ.
ಇಡೀ ದಿನ ಮಾತು ಜೋಡಿಸಿದೆ,
ಹೆಂಡತಿ ಎರಡು ಸಲ ಕೇಳಿದಳು ಹಲ್ಲುನೋವಾ ಅಂತ.
ಶುಕ್ರವಾರ ಪ್ಯಾಕಿಂಗಿಗೆ ಹೋಗಿ ನಿಂತಾಗ
ಜೋಡಿಸಿದ್ದು ಒಂದೂ ಬರಲಿಲ್ಲ.
'ಅವತ್ತು ಗೇಜು ಕೆಟ್ಟಿತ್ತು' ಅಂದೆ.
ಅದೂ ಪೂರ್ತಿ ನಿಜವಲ್ಲ ಅನ್ನಿಸಿ,
'ನಾನು ನೋಡಲಿಲ್ಲ' ಅಂದೆ.
ಅಕ್ಕಪಕ್ಕದವರಿಗೂ ಕೇಳುವಂತೆ ಇನ್ನೊಮ್ಮೆ ಅಂದೆ.
ಈ ಸಲ ಯಾರೂ ನಗಲಿಲ್ಲ.

ಅವಳು ಡಬ್ಬಿ ಮುಚ್ಚುವುದನ್ನು ನಿಲ್ಲಿಸಲಿಲ್ಲ.
'ಗೊತ್ತಿತ್ತು' ಅಂದಳು.
ಸ್ವಲ್ಪ ಹೊತ್ತಾದ ಮೇಲೆ, ಮುಖ ಎತ್ತದೆ,
'ಈ ಟೇಪು ಅಂಟುವುದಿಲ್ಲ ಸಾಹೇಬ,
ಒಂದು ತಿಂಗಳಿಂದ ಸ್ಟೋರಿಗೆ ಹೇಳುತ್ತಿದ್ದೇವೆ.'

ಒಂದು ತುಂಡು ಹರಿದು ಡಬ್ಬಿಗೆ ಒತ್ತಿ ಹಿಡಿದೆ.
ಕೈ ತೆಗೆದೆ.
ಅಂಚು ಮೆಲ್ಲಗೆ ಎದ್ದು ಬಂತು.